ಸೋತೆ ಎನ್ನುವ ತನಕ

ಸುಮಂಗಲಾ ತನ್ನ ಕೆಲಸ ಏನೆಂದು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನಂಬುವುದಿಲ್ಲ. ಅಮೆರಿಕದ ಒಂದು ದೊಡ್ಡ ಶಹರದ ಹೊರಗೆ ಯಾರೋ ಪುಣ್ಯಾತ್ಮ ಗೋವಿನಜೋಳ ಬಿತ್ತಿ, ಅದು ಆಳೆತ್ತರ ಬೆಳೆದ ಮೇಲೆ ಅದರೊಳಗೆ ಸುತ್ತುಬಳಸು ದಾರಿ ಕೊಯ್ಸುತ್ತಾನೆ. ಅಲ್ಲಿ ಗಿಡದ ಎಲೆ ಕೆಂಪಾಗುವ ಕಾಲ ಬಂತೆಂದರೆ ಶಹರದವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು, ಟಿಕೆಟ್ ತೆಗೆದು, ಆ ಹೊಲ ಹೊಕ್ಕು ದಾರಿ ತಪ್ಪಿಸಿಕೊಳ್ಳುತ್ತಾರೆ. ಅದೇ ಅವರ ಹಬ್ಬ. ಹೊರಬರಲಾಗದೆ ಟಿಕೆಟ್ಟಿನ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದರೆ ಅದು ಹೈದರಾಬಾದಿನ ಮಾದಾಪುರದಲ್ಲಿ, ಆರನೇ ಮಹಡಿಯಲ್ಲಿ ರಿಂಗಾಗುತ್ತದೆ. ಹೊಲದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ನೋಡುತ್ತ ಸುಮಂಗಲಾ ಅವರನ್ನು ಹೊರಗೆ ಕರೆತರುತ್ತಾಳೆ.

ಹಾಗಂತ ತಟ್ಟನೆ ಕರೆತರುವಂತಿಲ್ಲ. ಗಿರಾಕಿ ಬಾಯಿಬಿಟ್ಟು ‘ಸೋತೆ’ ಎನ್ನಬೇಕು. ಅಲ್ಲಿಯ ತನಕ ಸುಳಿವು ಕೊಡಬಹುದೇ ಹೊರತು ದಾರಿ ಹೇಳಕೂಡದು. ನಡುನಡುವೆ, ಬಾಗಿಲ ಬಳಿ ಕುಂಬಳಕಾಯಿ ಮಸಾಲೆಯ ಕಾಫಿ ಸಿಗುತ್ತದೆ, ಬಿಸಿ ಸೇಬಿನ ರಸ ಸಿಗುತ್ತದೆ, ಈ ಸೀಸನ್ ಮುಗಿದರೆ ಮತ್ತೆ ಬರುವ ವರ್ಷವೇ ಎಂದು ಕಿವಿಗೆ ಹಾಕುತ್ತಿರಬೇಕು. ಹೆಚ್ಚು ಹೊತ್ತು ಸುತ್ತಿ ಸುಸ್ತಾದವನು ಹೆಚ್ಚು ಕುಡಿಯುತ್ತಾನೆ ಎಂಬುದು ಕಂಪನಿಯವರ ಬುದ್ಧಿವಂತಿಕೆ. ಕೆಲಸದವರಿಗೂ ಆ ಕಾಲದ ಹುಮ್ಮಸ್ಸು ಬರಲೆಂದು ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ಕಿನ ಕೆಂಪೆಲೆ ತೂಗುಹಾಕಿದ್ದರು. ಆ ಎಲೆಗಳನ್ನು ಬಿಚ್ಚುವವರೆಗೆ ಯಾರಿಗೂ ರಜೆ ಇಲ್ಲ. ಅಮೆರಿಕದ ಈ ಸುಗ್ಗಿಯ ಕಾಲಿಗೆ ಸಿಕ್ಕು ಸುಮಂಗಲಾಳ ದಸರೆ ಪ್ರತಿವರ್ಷ ನುಚ್ಚುನೂರಾಗುತ್ತಿತ್ತು.

ದಸರೆಯಲ್ಲಿ ಅವಳಿಗೆ ಬೇಕಾಗಿದ್ದು ಒಂದೇ ಒಂದು ಸಂಜೆ. ಅವಳ ಅಪ್ಪ ತಾಯಪ್ಪ ಮನೆ ಕಟ್ಟುವ ಗೌಂಡಿ; ರಾಯಚೂರಿನ ಕಡೆಯಿಂದ ಬಂದು ಇಲ್ಲೇ ಹೈದರಾಬಾದಿನ ಸನತ್‌ನಗರದಲ್ಲಿ ನೆಲೆನಿಂತವನು. ಮಗಳು ಹೇಳದೆ ಕೇಳದೆ ತೆಲುಗರ ಹುಡುಗ ಸಾಯಿಕುಮಾರನನ್ನು ರಿಜಿಸ್ಟರ್ ಮದುವೆಯಾದ ದಿನದಿಂದ ಅವಳ ಜೊತೆ ಮಾತು ಬಿಟ್ಟಿದ್ದ. ಮೂರು ವರ್ಷವಾಯಿತು. ಅವನೂ ಬಗ್ಗಲಿಲ್ಲ, ಅಪ್ಪನದೇ ರಕ್ತವಾದ ಇವಳೂ ಬಗ್ಗಲಿಲ್ಲ. ನಡುವೆ ನುಗ್ಗಾದವಳು ತಾಯಿ ಹಂಪಮ್ಮ.

“ಬನ್ನಿ ಮುಡದು ಬಂದ ಹೊತ್ತಿನ್ಯಾಗ ವೈರಿ ಬಂದ್ರೂ ನಿಮ್ಮಪ್ಪ ಅಪ್ಕೋತಾನವ್ವ. ಆ ಹೊತ್ತಿಗೆ ಬಂದು ಕೈಯಾಗ ಬನ್ನಿ ಕೊಡು, ಸಾಕು. ಮರುದಿನ ಮುಂಜಾನಿ ಬಂದ್ರ ಅಂವ ಮತ್ತ ಹಳೇ ತಾಯಪ್ಪನ,” ಎಂದು ಪ್ರತಿವರ್ಷ ಹೇಳುತ್ತಿದ್ದಳು.

ಬನ್ನಿ ಕೊಡುವುದು ಮುಸ್ಸಂಜೆಗೆ. ಅದೇ ಮುಸ್ಸಂಜೆಗೆ ಅಮೆರಿಕದಲ್ಲಿ ಬೆಳಗಾಗಿ ಹೊಲದ ಬಾಗಿಲು ತೆರೆಯುತ್ತದೆ. ಎರಡು ವರ್ಷ ಹಾಗೇ ಹೋಗಿತ್ತು. ಈ ವರ್ಷ ಅವಳು ಟೀಮ್ ಲೀಡ್ ಮನೋಜನ ಮುಂದೆ ಕಣ್ಣೀರು ತೆಗೆದಳು. ಅವನು ಬೀದರಿನ ಹುಡುಗ, ಕೆಟ್ಟವನಲ್ಲ.

“ಅಕ್ಕಾ, ನನಗೂ ರಜಾ ಇಲ್ರಿ. ಇವತ್ತು ಸೀಟು ಬಿಟ್ರ ನಾಳಿಗೆ ಆ ಸೀಟನ ಇರೂದಿಲ್ಲ. ನನ್ನ ಕೈಯಾಗ ಏನೂ ಇಲ್ರಿ.”

ಹಬ್ಬದ ದಿನ ಮಧ್ಯಾಹ್ನ ತಾಯಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದಳು. ಹಂಪಮ್ಮ ಬೈಯಲಿಲ್ಲ. “ಆತು ಬಿಡವ್ವ,” ಎಂದಷ್ಟೇ ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಹೊಲ ತೆರೆದು ಸ್ವಲ್ಪ ಹೊತ್ತಿಗೆ ಒಬ್ಬ ಮುದುಕನ ಫೋನ್ ಬಂತು. ಮೊಮ್ಮಗಳನ್ನು ಕರೆದುಕೊಂಡು ಹೊಕ್ಕವನು ಒಂದೇ ಮೂಲೆಯಲ್ಲಿ ಗಾಣದೆತ್ತಿನಂತೆ ಸುತ್ತುತ್ತಿದ್ದ. ಮಗು ಅಳುತ್ತಿತ್ತು. “ಸೋತೆ ಎನ್ನಿ ಸರ್, ದಾರಿ ಹೇಳುತ್ತೇನೆ,” ಎಂದಳು. ಹುಟ್ಟಿದಾಗಿನಿಂದ ಯಾರಿಗೂ ಆ ಮಾತು ಅಂದವನಲ್ಲ, ಬರೀ ಸುಳಿವು ಕೊಡು ಎಂದು ಅವನು ಗದರಿದ. ಸುಳಿವು ಕೊಟ್ಟರೆ ಅದಕ್ಕೆ ತದ್ವಿರುದ್ಧ ನಡೆದ.

ಆಗಲೇ ಮನೋಜ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ. “ಅಕ್ಕಾ, ಕೆಳಗ ಗೇಟಿನ್ಯಾಗ ನಿಮ್ಮಪ್ಪ ಬಂದಾರಂತ. ಕೈಯಾಗ ಬನ್ನಿ ಹಿಡಕೊಂಡು ನಿಂತಾರಂತ. ಈ ಕಾಲ್ ಮುಗಿಸಿ ಹೋಗಿ ಬರ್ರಿ.”

ತಾಯಪ್ಪ, ತಾನಾಗಿ, ಮಗಳಿದ್ದಲ್ಲಿಗೆ! ಬನ್ನಿ ಹಿಡಿದುಕೊಂಡು ಸಣ್ಣವರು ದೊಡ್ಡವರ ಮನೆಗೆ ಹೋಗುತ್ತಾರೆಯೇ ಹೊರತು ದೊಡ್ಡವರು ಬರುವುದುಂಟೆ? ಮುದುಕ ಮಾತ್ರ ಇನ್ನೂ ಸುಳಿವು ಸುಳಿವು ಎನ್ನುತ್ತಿದ್ದ. ಅವನ ಹಟಕ್ಕೆ ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಹೊರಗೆ ನಿಂತ ಅಪ್ಪ ಎಲ್ಲಿ ಹೊರಟುಹೋಗುತ್ತಾನೋ ಎಂದು ಜೀವ ಒದ್ದಾಡಿತು. ಕೊನೆಗೆ ಕಂಪನಿಯ ನಿಯಮ ಗಾಳಿಗೆ ತೂರಿ, “ಹಿಂದಕ್ಕೆ ತಿರುಗಿ ಸರ್. ಕೆಂಪು ಬಾವುಟದ ಹತ್ತಿರ ಎಡಕ್ಕೆ, ಆಮೇಲೆ ನೆಟ್ಟಗೆ,” ಎಂದು ಹೇಳಿಯೇಬಿಟ್ಟಳು.

“ನಾನು ಕೇಳಿರಲಿಲ್ಲ,” ಎಂದು ಮುದುಕ ಫೋನ್ ಇಟ್ಟ. ದೂರು ಕೊಡುವವನ ದನಿ ಅದು. ಎಲ್ಲ ಕೇಳಿಸಿಕೊಂಡಿದ್ದ ಮನೋಜ ಮುಖ ಬೇರೆ ಕಡೆ ತಿರುಗಿಸಿ, “ಲಗೂನ ಹೋಗಿ ಬರ್ರಿ,” ಎಂದ.

ಕೆಳಗೆ ಕಬ್ಬಿಣದ ಗೇಟಿನ ಆಚೆ ತಾಯಪ್ಪ ನಿಂತಿದ್ದ. ತೊಳೆದ ಅಂಗಿ, ತಲೆಗೆ ಹೊಸ ರುಮಾಲು. ಹೊರಗಿನವರು ಪಾಸಿಲ್ಲದೆ ಒಳಗೆ ಬರುವಂತಿಲ್ಲ; ಕೆಲಸದ ಹೊತ್ತಿನಲ್ಲಿ ಒಳಗಿನವರು ಗೇಟು ದಾಟಿದರೆ ಕೆಲಸ ಬಿಟ್ಟು ಹೋದಂತೆ. ಕಾಲಿಗೆ ಬೀಳಲು ಬಗ್ಗಿದವಳಿಗೆ ಸಿಕ್ಕಿದ್ದು ಗೇಟಿನ ಸರಳು. ಸರಳುಗಳ ನಡುವಿನಿಂದ ಅವನು ಬನ್ನಿ ಎಲೆಗಳನ್ನು ಅವಳ ಬೊಗಸೆಗೆ ಹಾಕಿದ.

“ಬಂಗಾರ ತಗೊಂಡು ಬಂಗಾರದಂಗ ಇರು,” ಎಂದ. ಮೂರು ವರ್ಷದ ಮೇಲೆ ಕೇಳಿದ ದನಿ. “ನೀ ಬರೂದಿಲ್ಲಂತ ನಿಮ್ಮವ್ವ ಅಂದ್ಲು, ಅದಕ್ಕ ನಾನ ಬಂದೆ. ಮನಿಗೆ ನಡಿ. ನಿಮ್ಮವ್ವ ಹೋಳಿಗಿ ಮಾಡ್ಯಾಳ. ಆ ಹುಡುಗಗೂ ಬಾ ಅಂದೀನಿ, ಬಂದು ಕುಂತಾನ.”

“ಈಗ ಬರಾಕ ಆಗೂದಿಲ್ಲಪ್ಪ.”

ತಾಯಪ್ಪ ಅದನ್ನು ಇನ್ನೂ ಇಳಿಯದ ಸಿಟ್ಟು ಎಂದುಕೊಂಡ. ರುಮಾಲು ತೆಗೆದು ಮುಖ ಒರೆಸಿಕೊಂಡ. “ಇಷ್ಟು ದಿನ ಹಟ ಹಿಡದವ ನಾನ. ಸೋತೆ, ನಮ್ಮವ್ವ. ನಾನ ಸೋತೆ. ಇನ್ನರ ಹೊರಗ ಬಾ.”

ರಾತ್ರಿಯಿಡೀ ಯಾರ ಯಾರ ಬಾಯಿಂದಲೋ ಆ ಮಾತಿಗಾಗಿ ಕಾಯುತ್ತ ಕೂರುವವಳು ಅವಳು. ಅದು ಬಂದೊಡನೆ ದಾರಿ ಹೇಳುವವಳು. ಈಗ ಸರಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. “ಸಿಟ್ಟಿಲ್ಲಪ್ಪ, ದೇವರಾಣಿ ಸಿಟ್ಟಿಲ್ಲ. ಬಾಗಿಲು ನನ್ನ ಕೈಯಾಗ ಇಲ್ಲ.”

ತಾಯಪ್ಪ ಗೇಟನ್ನು ನೋಡಿದ, ಕಾವಲಿನವನನ್ನು ನೋಡಿದ, ಮೇಲಿನ ಗಾಜುಗಳನ್ನೆಲ್ಲ ನೋಡಿದ. ಆಮೇಲೆ ರುಮಾಲನ್ನು ಫುಟ್‌ಪಾತಿನ ಮೇಲೆ ಹಾಸಿದ.

“ಹಂಗಾದ್ರ ನಾ ಇಲ್ಲೇ ಕುಂದರ್ತೀನಿ.”

“ಬ್ಯಾಡಪ್ಪ, ಕೆಲಸ ಮುಗಿಯೂದ್ರಾಗ ಬೆಳಗಾಗತೈತಿ.”

“ಆಗಲಿ. ಹೋಗು, ನಿನ್ನ ಕೆಲಸ ನೋಡು.”

ಮೇಲೆ ಹೋಗಿ ಸೀಟಿನಲ್ಲಿ ಕೂತಾಗ ಬನ್ನಿ ಅವಳ ಮುಷ್ಟಿಯಲ್ಲೇ ಇತ್ತು. ಮುಂದಿನ ಫೋನ್ ಒಬ್ಬ ಹೆಂಗಸಿನದು. ನಗುತ್ತಲೇ ಸೋತೆ ಎಂದಳು; ಸುಮಂಗಲಾ ದಾರಿ ಹೇಳಿದಳು. ಹೊರಗೆ ಬಂದ ಹೆಂಗಸು ಖುಷಿಯಿಂದ, ಈ ಹಬ್ಬದ ಕಾಲದಲ್ಲಿ ನಿಮ್ಮದೇನು ವಿಶೇಷ ಎಂದು ಕೇಳಿದಳು.

“ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ಅಪ್ಪ ಬಂದಿದ್ದಾರೆ,” ಎಂದಳು ಸುಮಂಗಲಾ, ಮತ್ತು ಮುಂದಿನ ಫೋನ್ ಎತ್ತಿಕೊಂಡಳು.