ಬರಿಯ ಅಡಿಗಲ್ಲಿನ ಪೆಟ್ಟು

ಜರ್ಮನಿಗೆ ಬಂದ ಮೂರನೇ ತಿಂಗಳು, ಒಂದು ಸಂಜೆ ನನ್ನ ಕೋಣೆಯ ನೆಲದಡಿಯಿಂದ ಕಬ್ಬಿಣ ಬಡಿಯುವ ಸದ್ದು ಬಂತು. ಕುಲುಮೆಯೇ ಇರಬೇಕೆಂದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದು ಓಡಿದೆ.

ಓಡದೆ ಏನು ಮಾಡಲಿ? ಮಧುಗಿರಿಯಲ್ಲಿ ನಮ್ಮ ಬೀದಿ ಏಳುತ್ತಿದ್ದುದೇ ಅಪ್ಪನ ಸುತ್ತಿಗೆಯ ಸದ್ದಿಗೆ. ಇಲ್ಲಿ ಭಾನುವಾರ ಒಂದು ಮೊಳೆ ಹೊಡೆದರೂ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ನಮ್ಮಲ್ಲಿ ಬೀದಿ ಇಷ್ಟು ಸುಮ್ಮನಾದರೆ ಯಾರದೋ ಮನೆಯಲ್ಲಿ ಸಾವಾಗಿದೆ ಎಂದರ್ಥ. ಆಲೂಗಡ್ಡೆ ಹಿಸುಕಿ ಉಂಡೆ ಕಟ್ಟಿ, ಇದೇ ಮುದ್ದೆ ಎಂದು ನಾಲಿಗೆಗೆ ಸುಳ್ಳು ಹೇಳುತ್ತಿದ್ದೆ. ನಾಲಿಗೆ ನಂಬುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಕೊರೆಯುತ್ತಿದ್ದುದು ಅಪ್ಪನ ಮಾತು. ಕುಲುಮೆ ಬಿಟ್ಟು ಇಲ್ಲಿಯ ಕಾರ್ಖಾನೆ ಸೇರುತ್ತೇನೆ ಎಂದಾಗ, "ಹೋಗ್ಲಾ. ಇನ್ ನೀನು ಕಮ್ಮಾರ ಅಲ್ಲ ಬುಡು," ಅಂದಿದ್ದರು. ನನ್ನ ಕಾಗದಗಳಿಗೆ ಒಂದು ಸಾಲಿನ ಉತ್ತರವನ್ನೂ ಬರೆಸಿರಲಿಲ್ಲ.

ಕೆಳಗಿದ್ದದ್ದು ಕೆಲ್ಲರ್, ಅಂದರೆ ಮನೆಯಡಿಯ ಉಗ್ರಾಣ. ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿ, ರಾಲ್ಫ್ ಎಂಬ ಉದ್ದ ಕೂದಲಿನವನು ಡ್ರಮ್ಮಿನ ಜೊತೆ ಗುಜರಿ ತಗಡು, ರೈಲುಕಂಬಿಯ ತುಂಡು ಇಟ್ಟುಕೊಂಡು ಬಾರಿಸುತ್ತಿದ್ದ. ಅವನ ತಂಡದ ರಾಕ್ ಸಂಗೀತಕ್ಕೆ ಕಾರ್ಖಾನೆಯ ಸದ್ದೇ ಬೇಕಂತೆ. ನನ್ನ ಕೈ ಕೇಳಬೇಕಲ್ಲ! ಮೂಲೆಯ ದೊಡ್ಡ ಸುತ್ತಿಗೆ ಎತ್ತಿಕೊಂಡು ಎದುರು ನಿಂತೆ. ಒಂದೇ ತಗಡಿಗೆ ಅವನದೊಂದು, ನನ್ನದೊಂದು ಪೆಟ್ಟು. ಇದ್ದಕ್ಕಿದ್ದಂತೆ ಅವನು ಪಕ್ಕದ ಕಂಬಿಗೆ ಟಣ್ ಎಂದು ಹೊಡೆದ. ನಾನು ನಿಲ್ಲಿಸಿಬಿಟ್ಟೆ.

ಕುಲುಮೆಯ ನಿಯಮ ಅದು. ಅಪ್ಪ ಕಬ್ಬಿಣ ಬಿಟ್ಟು, ಅದರಡಿಯ ಬರಿಯ ಅಡಿಗಲ್ಲಿಗೆ ಒಂದು ಪೆಟ್ಟು ಕೊಟ್ಟರೆ, ಎದುರು ನಿಂತು ಬಡಿಯುವವನು ತನ್ನ ಸಮ್ಮಟಿಗೆಯನ್ನು, ಅಂದರೆ ದೊಡ್ಡ ಸುತ್ತಿಗೆಯನ್ನು, ತಡೆಯಬೇಕು. ಆಗ ಅವರು ಕಾದ ಕಬ್ಬಿಣವನ್ನು ಮಗ್ಗುಲು ತಿರುಗಿಸುತ್ತಾರೆ.

ರಾಲ್ಫ್ ಎತ್ತಿದ ಕೈ ಇಳಿಸದೆ "ನೊಖ್ ಮಾಲ್" ಎಂದ. ಇನ್ನೊಮ್ಮೆ ಎಂದರ್ಥ. ಆ ನಿಲುಗಡೆ ಅವನ ಸಂಗೀತದ ಗುರುತೇ ಆಯಿತು. ಕಿವಿ ಕೆಟ್ಟು ಅವನು ಬಾರಿಸುವುದನ್ನು ಬಿಟ್ಟ ಮೇಲೂ ಶಿಷ್ಯರು ಟಣ್ ಎಂದೊಡನೆ ಹಾಗೇ ನಿಲ್ಲಿಸುತ್ತಾರೆ, ಯಾಕೆಂದು ಗೊತ್ತಿಲ್ಲದೆ.

ಎಂಟು ವರ್ಷದ ಮೇಲೆ ಊರಿಗೆ ಹೋದಾಗ ನಾವಿಬ್ಬರೂ ಬಾರಿಸಿದ ಕ್ಯಾಸೆಟ್ ಒಯ್ದೆ. ಹೆದರುತ್ತಲೇ ಹಾಕಿದೆ. ಅಪ್ಪ ಮುಖ ಗಂಟಿಕ್ಕಿ ಕೂತಿದ್ದರು. ಟಣ್ ಎಂದು ಎಲ್ಲ ನಿಂತಾಗ, ಇಕ್ಕಳ ಹಿಡಿಯುವ ಅವರ ಎಡಗೈ ತಾನಾಗಿ ಹೊರಳಿತು.

"ಎದುರ್ಗೆ ಹೊಡ್ದೋನು ಯಾರ್ಲಾ?"

"ನಾನೇ ಅಪ್ಪ."

"ಮರ್ತಿಲ್ಲ ಬುಡು," ಅಂದರು.

ಎದೆ ಹಗುರಾಯಿತು. ಆ ದಿನ ಎರಡು ಮುದ್ದೆ ಉಂಡೆ.

ರಾಲ್ಫ್ ಕೊಟ್ಟ ಕಂಬಿಯ ತುಂಡು ಈಗ ಇಲ್ಲಿ ನನ್ನ ಕಿಟಕಿಯ ಕೆಳಗಿದೆ. ಊರಿಗೆ ಒಯ್ಯಲು ಭಾರ, ಬಿಟ್ಟುಹೋಗಲು ಮನಸ್ಸಿಲ್ಲ. ಕಮ್ಮಾರನೋ ಅಲ್ಲವೋ ಎಂಬ ಪ್ರಶ್ನೆ ಮುಗಿಯಿತು. ಯಾವ ಊರ ಕಮ್ಮಾರ ಎಂದು ಮಾತ್ರ ಕೇಳಬೇಡಿ.