ಬಲಕ್ಕೆ ಜಗ್ಗುವ ಕೈ

ಇಡೀ ದಿನ ಅಡಿಯಲ್ಲಿ ಮಲಗಿ ರಿಪೇರಿ ಮಾಡಿದ್ದ ಪಿಕಪ್ ಗಾಡಿ, ಹೊನ್ನಾಳಿಯ ನನ್ನ ಗ್ಯಾರೇಜು ದಾಟಿದ್ದೇ ತಡ, ರಸ್ತೆಯ ಬಲಗಡೆಯ ಚರಂಡಿಗೆ ಇಳಿಯಿತು. ಸೊಂಟ ಹಿಡಿದುಕೊಂಡೇ ಓಡಿದೆ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು. ಗದ್ದೆಯ ಬದು ಹತ್ತಲೆಂದು ಸಾಸ್ವೆಹಳ್ಳಿಯ ಡ್ರೈವರ್ ಈರಣ್ಣ ಗಾಡಿಯ ಭಾರ ಹೊರುವ ಕಮಾನು ಸ್ಪ್ರಿಂಗುಗಳಿಗೆ ಹೆಚ್ಚಿನ ಪಟ್ಟಿ ಹಾಕಿಸಿ ಎತ್ತರ ಮಾಡಿಸಿದ್ದರು. ಅಂದಿನಿಂದ ಅದು ಎಡಕ್ಕೇ ಎಳೆಯುತ್ತಿತ್ತು. ಭತ್ತದ ಮೂಟೆ ಹೇರಿಕೊಂಡು ವರ್ಷಗಟ್ಟಲೆ ಸ್ಟೀರಿಂಗನ್ನು ಬಲಕ್ಕೆ ಜಗ್ಗಿ ಹಿಡಿದೇ ಓಡಿಸಿದ್ದರು. ಎರಡೂ ಕಡೆಯ ಪಟ್ಟಿ ಸಮ ಮಾಡಿ, ಸವೆದ ಬುಷ್ ಬದಲಿಸಿ, ಅಂತೂ ನೆಟ್ಟಗೆ ಮಾಡಿಕೊಟ್ಟಿದ್ದೆ.

"ಮತ್ತೆ ಎಳೀತೈತೇನ್ರೀ?" ಎಂದೆ. ಇನ್ನೊಮ್ಮೆ ಗಾಡಿಯಡಿ ನುಸುಳುವ ಶಕ್ತಿ ನನ್ನಲ್ಲಿರಲಿಲ್ಲ.

ಪೆಟ್ಟೇನೂ ಆಗಿರಲಿಲ್ಲ. ಆದರೆ ಈರಣ್ಣ ಸ್ಟೀರಿಂಗ್ ಬಿಡದೆ ತಮ್ಮ ಕೈಗಳನ್ನೇ ನೋಡುತ್ತ ಕೂತಿದ್ದರು.

"ಗಾಡಿ ನೆಟ್ಟಗೈತ್ರಿ ಮೇಸ್ತ್ರಿ. ಬಲಕ್ಕೆ ಜಗ್ಗೋದು ಬಿಡಾಕೆ ಈ ಕೈಗೇ ಆಗ್ತಿಲ್ಲ."

ನಾನು ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಆ ಮಾತು ಈಗ ಅರ್ಥವಾಗುತ್ತಿದೆ. ಬೆಳಿಗ್ಗೆ ಮಂಚದಿಂದ ಏಳುವಾಗ ಇವತ್ತಿಗೂ ನೆಟ್ಟಗೆ ಏಳುವುದಿಲ್ಲ. ಮೇಲೆ ಗಾಡಿ ನಿಂತಿದೆಯೇನೋ ಎಂಬಂತೆ ತಲೆ ತಗ್ಗಿಸಿ, ಪಕ್ಕಕ್ಕೆ ಜಾರಿಕೊಂಡು ಹೊರಬರುತ್ತೇನೆ.