ಅಮೃತಪ್ಪನವರ ಸಾಮ್ರಾಜ್ಯದ ಪತನ

ವಿಜಯಪುರದ ಅಮೃತಪ್ಪನವರು ಲಂಡನ್ನಿನ ಸ್ಟ್ರಾಟ್‌ಫರ್ಡಿನ ಏಳನೇ ಮಹಡಿಯಲ್ಲಿ ಕೂತು ರೋಮನ್ನರಿಗಾಗಿ ಕಣ್ಣೀರು ಹಾಕುತ್ತಿದ್ದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದ ಮೇಲೆ ಸಂಜೆ ತರಗತಿಗೆ ಸೇರಿ ಇತಿಹಾಸ ಹಚ್ಚಿಕೊಂಡವರು. ಒಂದೂವರೆ ಸಾವಿರ ವರ್ಷಗಳ ಹಿಂದೆ ರೋಮನ್ನರ ಆಳ್ವಿಕೆ ಮುಗಿದು ಲಂಡನ್ ಹಾಳುಬಿದ್ದದ್ದನ್ನು, ನಿನ್ನೆ ತಮ್ಮ ಸ್ವಂತ ಮನೆಯೇ ಜಪ್ತಿಯಾದಂತೆ ಹೇಳುವರು. ಯುಗಾದಿಗೆ ಕನ್ನಡಿಗರೆಲ್ಲ ಸೇರಿದಾಗ ಹೋಳಿಗೆ ಬಡಿಸುವ ಮೊದಲು ಅವರ ಉಪನ್ಯಾಸ. ಹಸಿದವರು ಬೇರೆ ದಾರಿಯಿಲ್ಲದೆ ಕೇಳುತ್ತಿದ್ದೆವು. ರಸ್ತೆ ದುರಸ್ತಿ ನಿಂತಿತು, ಚರಂಡಿ ಕಟ್ಟಿಕೊಂಡಿತು, ಸ್ನಾನಗೃಹಗಳು ಮುಚ್ಚಿದವು, ಮಡಕೆ ಮಾಡುವವರು ಇಲ್ಲದಾದರು. ಇದೆಲ್ಲ ತಾನಾಗಿಯೇ ನಡೆಯುತ್ತದೆಂದು ಜನ ನಂಬಿದ್ದೇ ತಪ್ಪು ಎಂದು ಮೇಜು ಗುದ್ದುತ್ತಿದ್ದರು.

2003ರಲ್ಲಿ ಅವರ ಕಟ್ಟಡದ ಲಿಫ್ಟ್ ಕೆಟ್ಟಿತು. ಹೆಂಡತಿ ಬಸಲಿಂಗವ್ವನವರಿಗೆ ಮೊಣಕಾಲು ನೋವು. ಮಾರ್ಕೆಟ್ಟು, ಗೆಳತಿಯರು, ಜಿಪಿ ಡಾಕ್ಟರು ಎಲ್ಲ ಕೆಳಗೇ ಉಳಿದರು. ಕಟ್ಟಡ ನೋಡಿಕೊಳ್ಳುವ ಕೌನ್ಸಿಲ್ಲಿಗೆ ಒಂದು ಫೋನ್ ಮಾಡಿ ಎಂದು ಗಂಡನಿಗೆ ಹೇಳಿ ಹೇಳಿ ಸೋತರು. ಅಮೃತಪ್ಪನವರಿಗೆ ಪುರುಸೊತ್ತೆಲ್ಲಿ? ರೋಮನ್ ಚರಂಡಿಗಳ ಅಧ್ಯಾಯ ನಡೆದಿತ್ತು. ವಾರವಿಡೀ ಖಡಕ್ ರೊಟ್ಟಿ ಬಡಿದು ರಾಶಿ ಹಾಕಿದ ಬಸಲಿಂಗವ್ವ, ಅವರು ಗ್ರಂಥಾಲಯಕ್ಕೆ ಹೋದ ಹೊತ್ತಿನಲ್ಲಿ ಕಂಬಿ ಹಿಡಿದು, ತಿರುವಿಗೊಮ್ಮೆ ಕೂತು ಸುಧಾರಿಸಿಕೊಂಡು ಕೆಳಗಿಳಿದರು. ಮಗಳು ನೇತ್ರಾಳ ಕಾರು ಹತ್ತಿ ಹ್ಯಾರೋದ ಅವಳ ಮನೆಗೆ ಹೋದರು.

ನಮ್ಮ ಕಡೆ ಹೆಂಗಸರು ಪರಊರಿಗೆ ಹೊರಟರೆ, ತಾವು ತಿರುಗಿ ಬರುವತನಕ ಸಾಲುವಷ್ಟು ರೊಟ್ಟಿ ಮಾಡಿಟ್ಟೇ ಹೋಗುವುದು. ಹಾಗಾಗಿ ರಾಶಿ ಕರಗಿದಷ್ಟೂ ಅಮೃತಪ್ಪನವರ ಮುಖ ಅರಳಿತು. ರೊಟ್ಟಿ ಮುಗಿಯಿತೆಂದರೆ ಆಕೆ ಬಂದಳೆಂದೇ ಅವರ ನಂಬಿಕೆ.

ಅಷ್ಟರಲ್ಲಿ ಸಾಮ್ರಾಜ್ಯ ಕುಸಿಯತೊಡಗಿತು. ಸಿಂಕ್ ಕಟ್ಟಿಕೊಂಡಿತು, ಅಡುಗೆಮನೆಯ ಬಾಗಿಲು ಮುಚ್ಚಿಬಿಟ್ಟರು. ಬಿಸಿನೀರಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಸ್ನಾನ ನಿಂತಿತು. ತೊಳೆದ ತಟ್ಟೆಗಳು ಮುಗಿದು ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಊಟ ಶುರುವಾಯಿತು. ನಾನು ಹೋದಾಗ ಮನುಷ್ಯ ಉಳಿದ ಕೋಣೆಗಳನ್ನೆಲ್ಲ ಬಿಟ್ಟುಕೊಟ್ಟು ಒಂದರಲ್ಲಿ ಬೀಡುಬಿಟ್ಟಿದ್ದರು. ಕಾರ್ಪೆಟ್ಟಿನ ಮೇಲೆ ಸ್ಟೋವ್ ಇಟ್ಟು ಚಹಾ ಕಾಯಿಸುತ್ತಿದ್ದರು. ರೋಮನ್ ಬಂಗಲೆಯ ಚಿತ್ತಾರದ ನೆಲದ ಮೇಲೆ ಜನ ಒಲೆ ಹೂಡಿದರಲ್ಲ ಎಂದು ಮರುಗಿದ್ದವರು ಇವರೇ. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

ರೊಟ್ಟಿ ಮುಗಿದವು. ಬಸಲಿಂಗವ್ವ ಬರಲಿಲ್ಲ. ಲಿಫ್ಟ್ ಮಾತ್ರ ಇವರ ಯಾವ ಪ್ರಯತ್ನವೂ ಇಲ್ಲದೆ ರಿಪೇರಿಯಾಯಿತು. ಅಮೃತಪ್ಪ ಯುದ್ಧ ಗೆದ್ದವರ ಗತ್ತಿನಲ್ಲಿ ಕೋಟು ತೊಟ್ಟು, ಹೆಂಡತಿಯನ್ನು ಕರೆತರಲು ನನ್ನ ಕಾರಿನಲ್ಲಿ ಹ್ಯಾರೋಗೆ ಹೊರಟರು.

ಬಸಲಿಂಗವ್ವ ಚಹಾ ತಂದಿಟ್ಟು ಎದುರಿಗೆ ಕೂತರು. ಇವರು ಸಿಂಕು, ಬಿಸಿನೀರು, ತಟ್ಟೆ, ರೊಟ್ಟಿ ಎಂದು ಎಲ್ಲದರ ವರದಿ ಒಪ್ಪಿಸಿ, ಲಿಫ್ಟ್ ಸರಿಹೋದ ಶುಭವಾರ್ತೆಯನ್ನು ಕೊನೆಗೆ ಹೇಳಿ, ಇನ್ನು ಹೊರಡೋಣ ಎಂದರು.

"ಎಲ್ಲಾ ಹೇಳಿದ್ರಿ," ಎಂದರು ಬಸಲಿಂಗವ್ವ. "ನನ್ನ ಮೊಣಕಾಲು ಹ್ಯಾಂಗದ ಅಂತ ಕೇಳಲಿಲ್ಲ."

ಅಮೃತಪ್ಪ ಎತ್ತಿದ ಕಪ್ಪನ್ನು ಹಾಗೇ ಕೆಳಗಿಟ್ಟರು. ಸುಳ್ಳೇಕೆ ಹೇಳಲಿ, ಅವರನ್ನು ನೋಡಿ ನನಗೆ ಪಾಪ ಅನಿಸಿತು. ಕೊನೆಗೆ ಮೆಲ್ಲಗೆ, ಹ್ಯಾಂಗದ ಎಂದು ಕೇಳಿದರು.

"ಇಲ್ಲಿ ಬಂದ ಮ್ಯಾಲೆ ಆರಾಮದ," ಎಂದರು ಬಸಲಿಂಗವ್ವ. "ಛಾ ಕುಡದು ಹೋಗ್ರಿ."